ಕೊನೆಯ ಪುಟದಿಂದ ಹಿಂದಕ್ಕೆ

ನನಗೊಂದು ಚಟವಿದೆ. ಕಂಪ್ಯೂಟರಿನಲ್ಲಿ ಏನನ್ನಾದರೂ ಹುಡುಕಲು ಕೂತರೆ, ಬೇಕಾದದ್ದು ಮೊದಲನೇ ಪುಟದಲ್ಲೇ ಸಿಕ್ಕಿದರೂ ನನಗೆ ಸಮಾಧಾನವಾಗುವುದಿಲ್ಲ. ಇದಕ್ಕಿಂತ ಒಳ್ಳೆಯದು ಮುಂದೆ ಇದ್ದೀತು ಎಂದು ‘ಮುಂದಿನ ಪುಟ’ ಒತ್ತುತ್ತೇನೆ. ಅಲ್ಲಿಗೆ ಹೋದ ಮೇಲೆ ಹಿಂದಿನದೇ ಚೆನ್ನಾಗಿತ್ತು ಅನ್ನಿಸಿ ‘ಹಿಂದಿನ ಪುಟ’ ಒತ್ತುತ್ತೇನೆ. ಹೀಗೆ ಒಮ್ಮೆ ಕುಕ್ಕರಿನ ಗ್ಯಾಸ್ಕೆಟ್ಟಿಗಾಗಿ ನಾನು ಹದಿನಾಲ್ಕು ಪುಟ ಮುಂದೆ ಹೋಗಿ ಒಂಬತ್ತು ಪುಟ ಹಿಂದೆ ಬರುವಷ್ಟರಲ್ಲಿ, ನನ್ನ ಹೆಂಡತಿ ಪಾಂಡವಪುರದ ಪೇಟೆ ಬೀದಿಗೆ ಹೋಗಿ ಗ್ಯಾಸ್ಕೆಟ್ಟು ತಂದು, ಹಾಕಿ, ಬೇಳೆ ಬೇಯಿಸಿ, ಊಟಕ್ಕೆ ಕರೆದಿದ್ದಳು. ನಾನು ಆಗಲೂ “ಒಂದು ನಿಮಿಷ, ಹತ್ತನೇ ಪುಟದಲ್ಲಿ ಒಂದಿತ್ತು” ಎನ್ನುತ್ತಲೇ ಇದ್ದೆ.

ಇದನ್ನು ಹೇಳಿಕೊಳ್ಳಲು ನನಗೆ ಸ್ವಲ್ಪ ಹೆಚ್ಚೇ ನಾಚಿಕೆಯಾಗಬೇಕು. ಯಾಕೆಂದರೆ ಹುಡುಕಿಕೊಡುವುದೇ ನನ್ನ ಕಸುಬಾಗಿತ್ತು. ಪಾಂಡವಪುರದ ಕಾಲೇಜೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೈಬ್ರರಿಯನ್ ಆಗಿದ್ದವನು ನಾನು. ಕಂಪ್ಯೂಟರು ಬರುವ ಮುಂಚೆ ನಮ್ಮಲ್ಲಿ ಮರದ ಸಣ್ಣ ಸಣ್ಣ ಸೆಳೆಖಾನೆಗಳ ಬೀರುವಿತ್ತು. ಒಂದೊಂದು ಪುಸ್ತಕಕ್ಕೂ ಒಂದೊಂದು ಕಾರ್ಡು. ಎಲ್ಲ ಕಾರ್ಡುಗಳ ಬುಡದಲ್ಲೂ ಒಂದು ತೂತು, ತೂತಿನೊಳಗೆ ಉದ್ದಕ್ಕೂ ಹಾದುಹೋದ ಒಂದು ಹಿತ್ತಾಳೆ ಕಂಬಿ. ನೀವು ಬೆರಳಾಡಿಸಿಕೊಂಡು ಎಷ್ಟು ಬೇಕಾದರೂ ಹಿಂದೆ ಮುಂದೆ ಹೋಗಿ, ಕಾರ್ಡು ಮಾತ್ರ ತನ್ನ ಜಾಗ ಬಿಡುತ್ತಿರಲಿಲ್ಲ. ನಿನ್ನೆ ಯಾವ ಎರಡು ಕಾರ್ಡುಗಳ ನಡುವೆ ಕೂತಿತ್ತೋ ಇವತ್ತೂ ಅಲ್ಲೇ. ಹೊಸದೊಂದು ಪುಸ್ತಕ ಬಂದರೂ ಪಕ್ಕದವರು ಚೂರು ಸರಿದು ಜಾಗ ಕೊಡುತ್ತಿದ್ದರೇ ಹೊರತು ಯಾರೂ ಕಳೆದುಹೋಗುತ್ತಿರಲಿಲ್ಲ.

ಒಮ್ಮೆ ಮೇಲುಕೋಟೆಯಲ್ಲಿ ವಯಸ್ಸಾದ ವಿದ್ವಾಂಸರೊಬ್ಬರು ನನಗೆ ಓಲೆಗರಿಯ ಕಟ್ಟು ಬಿಚ್ಚಿ ತೋರಿಸಿದ್ದರು. ಅಲ್ಲೂ ತೂತು, ಅಲ್ಲೂ ದಾರ. ನಾನು ಅವಸರದಲ್ಲಿ ನಾಲ್ಕು ಗರಿ ಒಟ್ಟಿಗೆ ಮಗುಚಲು ಹೋದಾಗ ಅವರು ನನ್ನ ಮಣಿಕಟ್ಟು ಹಿಡಿದುಕೊಂಡು, “ಒಂದೊಂದೇ ಸ್ವಾಮಿ. ದಾರ ಇರೋದು ನಿಮ್ಮಂಥೋರಿಗಾಗೇ” ಎಂದರು. ಹಿಂದಿನ ಕಾಲದ ನಮ್ಮ ವ್ಯಾಪಾರಿಗಳೂ ಶಾನುಭೋಗರೂ ಬರೆಯುತ್ತಿದ್ದ ಕಡತ ಇನ್ನೂ ಚೆಂದ. ಬಟ್ಟೆಗೆ ಹುಣಸೆ ಬೀಜದ ಅಂಟುಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಅದರಲ್ಲಿ ಹಿಂದಿನ ಪುಟ, ಮುಂದಿನ ಪುಟ ಎಂಬ ರಗಳೆಯೇ ಇಲ್ಲ. ಉದ್ದಕ್ಕೆ ಬಿಚ್ಚಿ ಜಗಲಿಯ ಮೇಲೆ ಹಾಸಿದರೆ ಎಲ್ಲ ಪುಟವೂ ಒಟ್ಟಿಗೆ ಕಣ್ಣ ಮುಂದೆ. ಈಗಿನ ಡೇಟಾಬೇಸಿಗೆ ದಾರವೂ ಇಲ್ಲ, ಕಂಬಿಯೂ ಇಲ್ಲ, ಹಾಸಿ ನೋಡಲು ಜಗಲಿಯೂ ಇಲ್ಲ. ಒಂದು ಸಲಕ್ಕೆ ಹತ್ತು ಹೆಸರು ತೋರಿಸಿ, ಉಳಿದವರನ್ನು ಬಾಗಿಲ ಹಿಂದೆ ನಿಲ್ಲಿಸಿಕೊಂಡಿರುತ್ತದೆ. ಇದರ ಪರಿಣಾಮ ಏನೆಂದು ನನಗೆ ತಿಳಿದದ್ದು ಕಳೆದ ಅವರೆಕಾಯಿ ಕಾಲದಲ್ಲಿ, ನಮ್ಮಕ್ಕನಿಂದ.

ಅಕ್ಕನನ್ನು ಕೊಟ್ಟಿರುವುದು ನಾಗಮಂಗಲದ ಕಡೆಯ ಒಂದು ಹಳ್ಳಿಗೆ. ನನಗಿಂತ ಎಂಟು ವರ್ಷ ದೊಡ್ಡವಳು. ಒಂದು ಬೆಳಿಗ್ಗೆ ಅವರೆಕಾಯಿ ಚೀಲದ ಸಮೇತ ಬಸ್ಸಿಳಿದು ನಮ್ಮ ಮನೆಗೆ ಬಂದಳು. ಚೀಲ ಕೆಳಗಿಡುವ ಮೊದಲೇ ಕೇಳಿದಳು: “ಲೇ, ನಮ್ಮ ಇಸ್ಕೂಲಿನೋರು ಅದೇನೋ ಕಂಪ್ಯೂಟ್ರಲ್ಲಿ ಎಲ್ರ ಎಸ್ರೂ ಆಕವ್ರಂತಲ್ಲಾ, ನಿಜವೇನ್ಲಾ?”

ನಿಜವಾಗಿತ್ತು. ನಾವು ಬೂಕನಕೆರೆಯವರು. ಅಕ್ಕನೂ ಆಮೇಲೆ ನಾನೂ ಓದಿದ್ದು ಕೆ.ಆರ್. ಪೇಟೆಯ ಒಂದು ಹೈಸ್ಕೂಲಿನಲ್ಲಿ. ಆ ಶಾಲೆಯಲ್ಲಿ ಹಳಬರೆಲ್ಲ ಸೇರುವ ಹಬ್ಬ ಹತ್ತಿರವಾಗಿತ್ತು. ಹಳೆಯ ವಿದ್ಯಾರ್ಥಿಗಳು ತಮ್ಮ ಹೆಸರು, ಊರು, ಪಾಸಾದ ವರ್ಷ, ಫೋನ್ ನಂಬರು ತುಂಬಲಿ ಎಂದು ಅವರು ಒಂದು ಜಾಲತಾಣ ಮಾಡಿದ್ದರು. ಜನ ನಾಮುಂದು ತಾಮುಂದು ಎಂದು ತುಂಬುತ್ತಲೂ ಇದ್ದರು.

“ಅದ್ರಲ್ಲಿ ಜಯೀನ ಉಡುಕ್ಕೊಡು” ಎಂದಳು ಅಕ್ಕ.

ಜಯಿ ಎಂದರೆ ಜಯಮ್ಮ. ಮೂರು ವರ್ಷ ಅಕ್ಕನ ಪಕ್ಕ ಒಂದೇ ಬೆಂಚಿನಲ್ಲಿ ಕೂತವಳು. ಹತ್ತನೇ ಕ್ಲಾಸು ಪಾಸಾದ ಮೇಲೆ ಇಬ್ಬರೂ ಮೈಸೂರಿಗೆ ಹೋಗಿ ಶಾಲೆಯ ಮೇಡಮ್ಮಾಗುವ ಟ್ರೈನಿಂಗಿಗೆ ಅರ್ಜಿ ಕೊಡುವುದೆಂದು ಮಾತಾಗಿತ್ತಂತೆ. ಒಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸೇರಬೇಕು, ಒಟ್ಟಿಗೆ ಬಸ್ಸು ಹತ್ತಬೇಕು. ಅದೇ ಬೆಳಿಗ್ಗೆ ನಮ್ಮ ಮನೆಗೆ ಗಂಡಿನವರು ಬಂದರು. ಅಕ್ಕನಿಗೆ ಸೀರೆ ಉಡಿಸಿ ಕೂರಿಸಿದರು. ಬರುವುದಿಲ್ಲ ಎಂದು ಹೇಳಿ ಕಳಿಸಲು ಯಾರೂ ಇರಲಿಲ್ಲ. ತಿಂಗಳೊಳಗೆ ಮದುವೆಯಾಗಿ ಹೋಯಿತು. ನಾನಾಗ ಚಡ್ಡಿ ಹಾಕುವ ವಯಸ್ಸು, ನನಗೆ ನೆನಪಿರುವುದು ಗಂಡಿನವರು ತಂದಿದ್ದ ಬಾಳೆಹಣ್ಣು ಮಾತ್ರ.

“ಅವ್ಳು ಸಂಜೆಗಂಟ ಕಾದಿರ್ತಾಳೆ ಕಣ್ಲಾ. ಪಾರಂ ಕೈಲಿ ಇಡ್ಕಂಡು, ಬಂದ ಬಸ್ಸೆಲ್ಲಾ ನೋಡ್ಕಂಡು ಕೂತಿರ್ತಾಳೆ. ಆಮ್ಯಾಲೆ ಒಬ್ಳೇ ಓಗಿ ಮೇಡಮ್ಮಾಗಿರ್ತಾಳೆ ಬುಡು, ಅವ್ಳು ಗಟ್ಟಿಗಿತ್ತಿ. ಆದ್ರೂ ಅವತ್ತು ಯಾಕೆ ಬರ್ನಿಲ್ಲ ಅಂತ ನಾನವ್ಳಿಗೆ ಒಂದ್ ಮಾತು ಯೋಳ್ಬೇಕು. ಅಷ್ಟೇಯ.”

ಐವತ್ತು ವರ್ಷ ಆ ಒಂದು ಮಾತನ್ನು ಅಕ್ಕ ಒಳಗೇ ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ತಮ್ಮನೆಂಬ ಪ್ರಾಣಿಗೆ ಅಕ್ಕನ ವಿಷಯದಲ್ಲಿ ಗೊತ್ತಿರುವುದು ಬಹಳ ಕಡಿಮೆ.

ನಾನು ಹುಡುಕುವ ಪೆಟ್ಟಿಗೆಯಲ್ಲಿ ‘ಜಯ’ ಎಂದು ಹಾಕಿದೆ. “ಜಯಮ್ಮ ಅಂತ ಆಕ್ಲಾ” ಎಂದಳು ಅಕ್ಕ. ಇಲ್ಲಿ ನನ್ನ ಕಸುಬಿನ ಜಾಣತನ ಅಡ್ಡ ಬಂತು. ನಮ್ಮ ಕಡೆ ಅತ್ತೆಗೂ ಸೊಸೆಗೂ ಒಂದೇ ಹೆಸರಾದರೆ ಸೊಸೆಯ ಹೆಸರು ಬದಲಾಯಿಸುವುದುಂಟು. ಅತ್ತೆಯ ಹೆಸರಿಟ್ಟುಕೊಂಡವಳನ್ನು ಮಾವ ಕೂಗುವುದು ಹೇಗೆ, ಅತ್ತೆ ಬೈಯುವುದು ಹೇಗೆ? ನಮ್ಮಕ್ಕನೇ ಸಾಕ್ಷಿ. ತವರಿನಲ್ಲಿ ಕೆಂಪಮ್ಮನಾಗಿದ್ದವಳು, ಅತ್ತೆಯೂ ಕೆಂಪಮ್ಮನಾಗಿದ್ದರಿಂದ ಧಾರೆಯಾದ ಮಾರನೇ ದಿನವೇ ಸುಶೀಲಮ್ಮನಾದಳು. ಹಾಗೆಯೇ ಜಯಮ್ಮ ಈಗ ಜಯಲಕ್ಷ್ಮಿಯೋ ಜಯಶೀಲೆಯೋ ಆಗಿದ್ದರೆ? ‘ಜಯ’ ಎಂದು ಬಿಟ್ಟರೆ ಬಲೆ ದೊಡ್ಡದಾಗುತ್ತದೆ ಎಂದು ಅಕ್ಕನಿಗೆ ಪಾಠ ಹೇಳಿದೆ. ಬಲೆ ದೊಡ್ಡದೇ ಆಯಿತು. ಜಯರಾಮ, ಜಯಣ್ಣ, ವಿಜಯ, ವಿಜಯಕುಮಾರ, ಸಂಜಯ, ಧನಂಜಯ, ಎಲ್ಲರೂ ಬಂದು ಬಿದ್ದರು. ಒಟ್ಟು ಹತ್ತೊಂಬತ್ತು ಪುಟ.

ನಾನು ಒಂದನೇ ಪುಟದಿಂದ ಶುರುಮಾಡಲು ಹೋದೆ. ಅಕ್ಕ ತಡೆದಳು. “ಕೊನೇ ಪುಟದಿಂದ ಬಾರ್ಲಾ. ಎಣ್ಣೈಕ್ಳ ಎಸ್ರು ಕೊನೇಲಿ ತಾನೇ ಇರೋದು?”

ಅವಳ ಮಾತು ಸುಳ್ಳಲ್ಲ. ನಮ್ಮ ಕಾಲದ ಹಾಜರಿ ಪುಸ್ತಕದಲ್ಲಿ ಮೊದಲು ಹುಡುಗರ ಹೆಸರೆಲ್ಲ ಮುಗಿಯಬೇಕು, ಆಮೇಲೆ ಒಂದು ಕೆಂಪು ಗೆರೆ, ಗೆರೆಯ ಕೆಳಗೆ ಹುಡುಗಿಯರು. ಅಕ್ಕ ಮೂರು ವರ್ಷವೂ ಕೊನೆಯಿಂದ ಎರಡನೆಯವಳು, ಜಯಮ್ಮ ಕೊನೆಯವಳು. ಈ ಪಟ್ಟಿಯಲ್ಲಿ ಹಾಗಿಲ್ಲ, ಇಲ್ಲಿ ಹೊಸದಾಗಿ ಸೇರಿದವರು ಮೇಲೆ, ಮೊದಲೇ ಸೇರಿದವರು ಕೆಳಗೆ ಅಷ್ಟೆ ಎಂದೆ. “ಮೇಲಿಂದ ನೋಡುದ್ರೂ ಅವ್ರೇ, ಕೆಳಗಿಂದ ನೋಡುದ್ರೂ ಅವ್ರೇ ತಾನೆ?” ಎಂದಳು. ಹತ್ತೊಂಬತ್ತನೇ ಪುಟಕ್ಕೆ ಹಾರಿ, ಅಲ್ಲಿಂದ ‘ಹಿಂದಿನ ಪುಟ’ ಒತ್ತುತ್ತಾ ಬಂದೆ.

ಅಕ್ಕ ಪಕ್ಕದಲ್ಲಿ ಬಟ್ಟಲಿಟ್ಟುಕೊಂಡು, ನನ್ನ ಹೆಂಡತಿ ರಾತ್ರಿಯೇ ನೆನೆಸಿಟ್ಟಿದ್ದ ಅವರೆಕಾಳು ಹಿತುಕುತ್ತಾ ಕೂತಳು. ನಾನು ಅಂದುಕೊಂಡಿದ್ದು ಅರ್ಧ ಗಂಟೆಯ ಕೆಲಸ. ಆದರೆ ಅಕ್ಕನಿಗೆ ಅದು ಬರೀ ಹೆಸರುಗಳ ಪಟ್ಟಿಯಾಗಿರಲಿಲ್ಲ. “ತಾಳ್ಲಾ, ಈ ಜಯರಾಮ ಅಕ್ಕಿಹೆಬ್ಬಾಳಿನೋನು. ಇವನ ತಂಗೀನ ನಮ್ಮ ಮೈದುನನಿಗೆ ಕೇಳಿದ್ರು” ಎನ್ನುವಳು. ಮುಂದಕ್ಕೆ ಹೋದರೆ, “ಇಂದಕ್ಕೋಗ್ಲಾ, ಆ ವಿಜಯ ಯಾವ್ ವರ್ಸದೋನು ಅಂತ ನೋಡ್ನೇ ಇಲ್ಲ” ಎನ್ನುವಳು. ವರ್ಷ ನೋಡಲೆಂದು ಹೆಸರನ್ನು ತೆರೆದು ವಾಪಸು ಬಂದರೆ ಆ ದರಿದ್ರ ಯಂತ್ರ ನಮ್ಮನ್ನು ಎತ್ತಿ ಒಂದನೇ ಪುಟದಲ್ಲಿ ಒಗೆಯುವುದು. ಮತ್ತೆ ಹದಿನೈದಕ್ಕೆ ಹೋಗಬೇಕು. ಎರಡು ಸಲ ನಾನು ಸಿಡುಕಿದೆ. ಮೂರನೆಯ ಸಲ ಅಕ್ಕ, “ಲೈಬ್ರರೀಲಿ ಐಕ್ಳ ಮ್ಯಾಲೂ ಇಂಗೇ ಸಿಡುಕ್ತಿದ್ದೇನ್ಲಾ?” ಎಂದು ಕೇಳಿದಳು. ಸಿಡುಕುತ್ತಿದ್ದೆ. ಮತ್ತೆ ಹದಿನೈದಕ್ಕೆ ಹೋದೆ.

ಬೆಳಿಗ್ಗೆ ಹತ್ತಕ್ಕೆ ಕೂತವರು ಒಂದನೇ ಪುಟ ಮುಟ್ಟಿದಾಗ ಮಧ್ಯಾಹ್ನ ಮೂರಾಗಿತ್ತು. ಹಿತುಕಿದಬೇಳೆ ಸಾರಿನ ಊಟವೂ ನಡುವೆ ಆಗಿತ್ತು. ಐದು ಜಯಮ್ಮಂದಿರು ಸಿಕ್ಕಿದ್ದರು. ಒಬ್ಬರ ವರ್ಷವೂ ಸರಿಹೊಂದಲಿಲ್ಲ. ಒಂದನೇ ಪುಟದ ಮೊದಲನೇ ಹೆಸರು ಯಾರೋ ವಿಜಯಕುಮಾರನದು. ಅದರ ಮೇಲೆ ಇನ್ನು ಯಾರೂ ಇಲ್ಲ.

ಅಕ್ಕ ಬಹಳ ಹೊತ್ತು ಆ ವಿಜಯಕುಮಾರನನ್ನೇ ನೋಡಿದಳು. “ಬರ್ಕಂಡಿಲ್ವೇನೋ” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ಇಲ್ದೇ ಇದ್ರೂ ಇರ್ಬೋದು ಬುಡು. ನಮ್ಮ ವಯಸ್ನೋರು ಎಷ್ಟ್ ಜನ ಓಗ್ನಿಲ್ಲ” ಎಂದಳು. ನನಗೆ ಸಂಕಟವಾಯಿತು. ಸಾವಿರಾರು ಜನಕ್ಕೆ ಪುಸ್ತಕ ಹುಡುಕಿಕೊಟ್ಟವನು, ಅಕ್ಕ ಕೇಳಿದ ಒಂದೇ ಒಂದು ಹೆಸರು ಹುಡುಕಿಕೊಡಲಾಗಲಿಲ್ಲ. ಎಲ್ಲ ಜಯರನ್ನೂ ನೋಡಿಯಾದ ಮೇಲೆ ಬರೀ ‘ಜಯಮ್ಮ’ ಎಂದು ಹಾಕಿ ಮತ್ತೆ ಹುಡುಕುವುದರಲ್ಲಿ ಏನರ್ಥ ಎಂದು ನನಗೆ ನಾನೇ ಹೇಳಿಕೊಂಡೆ.

ಅವಳ ಮನಸ್ಸು ಬೇರೆ ಕಡೆ ತಿರುಗಿಸಲೆಂದು, “ನಿನ್ನ ಹೆಸರಾದರೂ ಸೇರಿಸೋಣ ಬಾ” ಎಂದೆ.

“ಉಡುಕಕ್ಕೆ ಅಂತ ಬಂದೋಳು ನಾನು. ನನ್ನ ಯಾರು ಉಡುಕ್ತಾರೆ ಬುಡ್ಲಾ” ಎಂದಳು. ಆದರೂ ಬೇಡವೆನ್ನಲಿಲ್ಲ. ಸುಶೀಲಮ್ಮ ಎಂದು ಟೈಪ್ ಮಾಡಲು ಹೋದಾಗ ನನ್ನ ಕೈ ಹಿಡಿದಳು. “ಅದು ನಮ್ಮತ್ತೆ ಇಕ್ಕಿದ್ ಎಸ್ರು. ಇಸ್ಕೂಲಲ್ಲಿ ಸುಶೀಲಮ್ಮ ಯಾರೂ ಇರ್ನಿಲ್ಲ. ಕೆಂಪಮ್ಮ, ಬೂಕನಕೆರೆ ಅಂತ್ಲೇ ಆಕು.” ಹಾಕಿದೆ. ಅವಳ ಮೊಬೈಲ್ ನಂಬರೂ ಹಾಕಿದೆ. ಪಟ್ಟಿಯ ತುತ್ತತುದಿಯಲ್ಲಿ ‘ಕೆಂಪಮ್ಮ, ಬೂಕನಕೆರೆ’ ಎಂದು ಮೂಡಿತು. ಅಕ್ಕ ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದಳು. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾಗಿದ್ದರೂ ಆ ಹೆಸರು ಅವಳಿಗೆ ವಾಪಸು ಸಿಕ್ಕಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ, ಹೆಂಗಸರು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದಾಗ, ನನ್ನ ಚಟ ನನ್ನನ್ನು ಮತ್ತೆ ಕಂಪ್ಯೂಟರಿನ ಮುಂದೆ ಕೂರಿಸಿತು. ಈ ಸಲ ಒಂದನೇ ಪುಟದಿಂದ ಮುಂದಕ್ಕೆ ಹೊರಟೆ. ನಾಲ್ಕನೇ ಪುಟದ ಕೊನೆಯಲ್ಲಿ ಚಿನಕುರಳಿಯ ಧನಂಜಯ ಎಂಬೊಬ್ಬರಿದ್ದರು. ‘ಮುಂದಿನ ಪುಟ’ ಒತ್ತಿದೆ. ಐದನೇ ಪುಟದ ತಲೆಯಲ್ಲೂ ಅದೇ ಚಿನಕುರಳಿಯ ಧನಂಜಯ! ವರ್ಷವೂ ಅದೇ, ನಂಬರೂ ಅದೇ. ಒಬ್ಬನೇ ಮನುಷ್ಯ ಎರಡು ಪುಟದಲ್ಲಿ ಹೇಗಿರಲು ಸಾಧ್ಯ ಎಂದು ತಲೆ ಕೆರೆದುಕೊಂಡೆ.

ನಮ್ಮ ಕಡೆಯ ಮದುವೆ ಊಟ ನೆನಪಾದ ಮೇಲೆ ಹೊಳೆಯಿತು. ಹತ್ತತ್ತು ಜನರ ಪಂಕ್ತಿ ಎಂದಿಟ್ಟುಕೊಳ್ಳಿ. ಎಲ್ಲರೂ ಕೂತ ಮೇಲೆ ಬೀಗರ ಕಡೆಯ ಹಿರಿಯರೊಬ್ಬರು ಬಂದರು. ಅವರನ್ನು ಮೊದಲನೇ ಪಂಕ್ತಿಯ ತಲೆಯಲ್ಲೇ ಕೂರಿಸಬೇಕು. ಆಗ ಎಲ್ಲರೂ ಒಂದೊಂದು ಎಲೆ ಸರಿಯುತ್ತಾರೆ. ಪ್ರತಿ ಪಂಕ್ತಿಯ ಕೊನೆಯವನು ಮುಂದಿನ ಪಂಕ್ತಿಗೆ ಬೀಳುತ್ತಾನೆ. ಬಡಿಸುವವನು ಮೊದಲಿನಿಂದ ಬರುತ್ತಿದ್ದರೆ, ಸರಿದವನಿಗೆ ಎರಡು ಸಲ ಪಾಯಸ. ನನ್ನ ಧನಂಜಯನಿಗೆ ಆಗಿದ್ದು ಅದೇ. ನಾನು ನಾಲ್ಕನೇ ಪುಟ ನೋಡುತ್ತಿದ್ದಾಗ ಎಲ್ಲೋ ಒಬ್ಬ ಹೊಸ ಜಯಣ್ಣ ಹೆಸರು ಸೇರಿಸಿದ್ದ. ಬಡಿಸುವವನು ಕೊನೆಯ ಪಂಕ್ತಿಯಿಂದ ಹಿಂದಕ್ಕೆ ಬರುತ್ತಿದ್ದರೆ? ಆಗಲೇ ಬಡಿಸಿ ಮುಗಿಸಿದ ಪಂಕ್ತಿಗೆ ಸರಿದು ಕೂತವನಿಗೆ ಪಾಯಸವೇ ಇಲ್ಲ. ನಿನ್ನೆ ನಾವು ಕೊನೆಯಿಂದ ಬಡಿಸುತ್ತಾ ಬಂದಿದ್ದೆವು. ಅದೂ ಐದು ಗಂಟೆ ಹೊತ್ತು!

‘ಮುಂದಿನ ಪುಟ’ ಒತ್ತುತ್ತಲೇ ಹೋದೆ. ಆರು, ಏಳು, ಎಂಟು. ಒಂಬತ್ತನೇ ಪುಟದಲ್ಲಿ, ಮೇಲಿನಿಂದ ಮೂರನೆಯವಳು: ಜಯಮ್ಮ. ಈಗಿನ ಊರು ಶ್ರೀರಂಗಪಟ್ಟಣ. ಪಾಸಾದ ವರ್ಷ ಅಕ್ಕನದೇ. ಜಯಲಕ್ಷ್ಮಿಯಲ್ಲ, ಜಯಶೀಲೆಯಲ್ಲ, ಅಕ್ಕ ಹೇಳಿದ ಹಾಗೆ ಬರೀ ಜಯಮ್ಮ. ಅಕ್ಕನ ಮಾತು ಕೇಳಿ ಅಷ್ಟನ್ನೇ ಹಾಕಿದ್ದರೆ ಆರೇ ಹೆಸರು, ಒಂದೇ ಪುಟ.

ನನ್ನ ದಡ್ಡತನವನ್ನು ಮುಚ್ಚಿಟ್ಟು ಪಂಕ್ತಿಯ ಸಿದ್ಧಾಂತವನ್ನು ಮಾತ್ರ ವಿವರಿಸಬೇಕೆಂದು ಅಡುಗೆಮನೆಗೆ ಓಡಿದೆ. ಅಲ್ಲಿ ಅಕ್ಕ ಈರುಳ್ಳಿ ಕೈಯಲ್ಲೇ ಮೊಬೈಲು ಎತ್ತಿಕೊಂಡಿದ್ದಳು. ಕಿವಿ ಮಂದವಾದ್ದರಿಂದ ಅವಳ ಫೋನು ಯಾವಾಗಲೂ ಇಡೀ ಮನೆಗೆ ಕೇಳಿಸುತ್ತದೆ.

“ಬೂಕನಕೆರೆ ಕೆಂಪಮ್ಮನಾ?” ಎಂದಿತು ಒಂದು ಹೆಣ್ಣು ದನಿ. “ನಾನು ಕಣೆ, ಜಯಿ. ನಮ್ಮ ಸೊಸೆ ಪೋನಲ್ಲಿ ದಿನಾ ಬೆಳಿಗ್ಗೆ ಎದ್ದೇಟ್ಗೆ ಮೊದ್ಲನೇ ಪುಟ ನೋಡ್ತಿದ್ದೆ, ಯಾರ್ಯಾರು ಒಸ್ದಾಗಿ ಬಂದವ್ರೆ ಅಂತ. ಇವತ್ತು ನೋಡುದ್ರೆ ನೀನು!”

ಹತ್ತೊಂಬತ್ತು ಪುಟ ತಿರುವಿದ ಪಂಡಿತ ನಾನು ಬಾಗಿಲಲ್ಲೇ ನಿಂತೆ.

ಅಕ್ಕ ಹೇಗಿದ್ದೀಯ ಎಂದೂ ಕೇಳಲಿಲ್ಲ. “ಜಯೀ, ಅವತ್ತು ನಾನು ಬಸ್‌ಸ್ಟ್ಯಾಂಡಿಗೆ ಬರ್ನಿಲ್ಲ ಕಣೆ. ಮನೇಗೆ ಗಂಡಿನೋರು ಬಂದ್ಬುಟ್ರು. ಯೋಳಿ ಕಳ್ಸಕ್ಕೂ ಆಗ್ನಿಲ್ಲ. ನೀನು ಎಷ್ಟೊತ್ತು ಕಾದ್ಯೋ ಏನೋ” ಎಂದು ಒಂದೇ ಉಸಿರಿಗೆ ಹೇಳಿಬಿಟ್ಟಳು.

ಆ ಕಡೆಯಿಂದ ಕೇಳಿಸಿತು:

“ನೀನೂ ಬರ್ನಿಲ್ವಾ?”

“ನೀನೂ ಅಂದ್ರೆ?”

“ನಾನೂ ಬರ್ನಿಲ್ಲ ಕಣೆ. ಮೈಸೂರಿಗೋಗ್ಬೇಕು ಅನ್ನುತ್ಲೂ ಎದೆ ಡವಡವ ಅಂತು. ಒಟ್ಟೆನೋವು ಅಂತ ಯೋಳಿ ಮುಸುಕಾಕ್ಕಂಡು ಮನಿಕ್ಕಂಡ್ಬುಟ್ಟೆ. ನೀನು ಕಾದು ಕಾದು ಒಬ್ಳೇ ಓದೆ ಅಂದ್ಕಂಡೆ. ನಮ್ಮ ಕೆಂಪಿ ದೊಡ್ಡ ಮೇಡಮ್ಮು ಅಂತ ನಮ್ಮ ಮನೇರ್ಗೆಲ್ಲಾ ಯೋಳ್ಕಂಡು ಬಂದಿವ್ನಿ.”

“ಅಯ್ಯೋ ನಿನ್ನ! ನೀನು ಮೇಡಮ್ಮು ಅಂತ ನಾನು ನಮ್ಮೂರ್ಗೆಲ್ಲಾ ಯೋಳಿವ್ನಿ!”

ಐವತ್ತು ವರ್ಷ ಪಾಠ ಮಾಡಿದ ಇಬ್ಬರು ಮೇಡಮ್ಮುಗಳು ಒಂದೇ ಗಳಿಗೆಯಲ್ಲಿ ರಾಜೀನಾಮೆ ಕೊಟ್ಟರು. ಆಮೇಲೆ ಜಯಮ್ಮ ಮೊದಲು ನಕ್ಕರೋ ಅಕ್ಕ ನಕ್ಕಳೋ ಗೊತ್ತಾಗಲಿಲ್ಲ. ಅಕ್ಕನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಈರುಳ್ಳಿ ಎಂದು ನನ್ನ ಹೆಂಡತಿ ಅಂದಳು, ಅಲ್ಲವೆಂದು ಅವಳಿಗೂ ಗೊತ್ತಿತ್ತು. ನನಗೆ ಆ ಖಾಲಿ ಬಸ್‌ಸ್ಟ್ಯಾಂಡು ಕಣ್ಣಿಗೆ ಕಟ್ಟಿತು. ಇಬ್ಬರೂ ಒಬ್ಬರನ್ನೊಬ್ಬರು ಐವತ್ತು ವರ್ಷ ಅಲ್ಲಿ ಕೂರಿಸಿಟ್ಟಿದ್ದರು. ಅಲ್ಲಿ ಯಾರೂ ಇರಲೇ ಇಲ್ಲ. ಬಹಳ ಬೇಸರವಾಯಿತು, ಬಹಳ ಸಂತೋಷವೂ ಆಯಿತು.

ಬರುವ ಭಾನುವಾರ ಶಾಲೆಯ ಹಬ್ಬ. ಒಂಬತ್ತೂವರೆಗೆ ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸೇರುವುದೆಂದು ಮಾತಾಯಿತು. ಅಲ್ಲಿಯವರೆಗೂ ನಮ್ಮಲ್ಲೇ ಉಳಿದಿದ್ದ ಅಕ್ಕ ಅವತ್ತು ನನ್ನನ್ನು ಬೆಳ್ಳಂಬೆಳಿಗ್ಗೆಯೇ ಎಬ್ಬಿಸಿ ಹೊರಡಿಸಿದಳು. ಇಷ್ಟು ಬೇಗ ಯಾಕೆಂದರೆ, “ಅವ್ಳು ಬರೋ ವೊತ್ಗೆ ನಾನಲ್ಲಿ ಕೂತಿರ್ಬೇಕು ಕಣ್ಲಾ. ಒಂದ್ಸಲನಾದ್ರೂ ಕಾದು ತೀರುಸ್ಬೇಕು” ಎಂದಳು.

ನಾವು ಬಸ್ಸಿಳಿದಾಗ ಎಂಟು ಗಂಟೆ. ಕಲ್ಲು ಬೆಂಚಿನ ಮೇಲೆ ದಪ್ಪ ಕನ್ನಡಕದ ಒಬ್ಬ ಹೆಂಗಸು, ಮಡಿಲಲ್ಲಿ ಬ್ಯಾಗಿಟ್ಟುಕೊಂಡು, ಬಂದ ಬಸ್ಸನ್ನೆಲ್ಲ ನೋಡುತ್ತಾ ಕೂತಿದ್ದರು. ಅಕ್ಕ ಹತ್ತಿರ ಹೋಗಿ ನಿಂತಳು.

“ಏಳಕ್ಕೇ ಬಂದೆ ಕಣೆ” ಎಂದರು ಜಯಮ್ಮ. “ನೀನು ಬರೋಗಂಟ ಕಾಯಣ ಅಂತ.”

ಅಕ್ಕನ ಮುಖದಲ್ಲಿ ಎಷ್ಟು ಸಂತೋಷವಿತ್ತೋ ಅದರೊಳಗೇ ಚೂರು ನಿರಾಸೆಯೂ ಇತ್ತು. ಕಾಯುವುದಕ್ಕೆಂದೇ ಬಂದವಳಿಗೆ ಕಾಯಲು ಬಿಡಲಿಲ್ಲವಲ್ಲ. ಒಂದು ಗಳಿಗೆ ಯೋಚಿಸಿ, “ಒಸಿ ಜರುಗು, ನಾನೂ ಕಾಯ್ತೀನಿ” ಎಂದು ಪಕ್ಕದಲ್ಲಿ ಕೂತಳು. ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಮೈಸೂರಿನ ಬಸ್ಸೊಂದು ಬಂತು, ಹೋಯಿತು. ಇಬ್ಬರೂ ಅದನ್ನು ನೋಡಲೇ ಇಲ್ಲ.